ಒಣಗಿಸಿ ಇಟ್ಟದ್ದು

ಇಲಿಯೇ ಇರಬೇಕು ಎಂದು ನಾಗಮಣಿ ಹೇಳಿದಾಗ ಆದಿಲಕ್ಷ್ಮಿ ತಲೆ ಎತ್ತಲಿಲ್ಲ. ಹಿತ್ತಲ ಚಪ್ಪಡಿಯ ಮೇಲೆ ಕೂತು ತಪ್ಪಲೆ ತಿಕ್ಕುತ್ತಿದ್ದವಳು ಇನ್ನಷ್ಟು ಬೂದಿ ತೆಗೆದುಕೊಂಡಳು. ತಪ್ಪಲೆಯ ತಳ ಆಗಲೇ ಮುಖ ಕಾಣುವಷ್ಟು ಬೆಳಗಿತ್ತು.

"ನಿನ್ನೆ ಬೆಲ್ಲದ ಡಬ್ಬಿ ತೆಗೀತೀನಿ, ಎರಡಚ್ಚು ಇಲ್ಲ. ಹೋದ ತಿಂಗ್ಳು ಹುರಿದಿಕ್ಕಿದ್ದ ಕಡ್ಲೆಕಾಯೂ ಹಿಂಗೇ ಹೋಯ್ತು," ಎಂದಳು ನಾಗಮಣಿ. ಅವಳು ಹಸುವಿನ ಮುಂದೆ ನಿಂತು ನಿನ್ನೆ ಮಿಕ್ಕಿದ ಮುದ್ದೆಯನ್ನು ಮುರಿದು ಅದರ ಬಾಯಿಗಿಡುತ್ತಿದ್ದಳು.

"ಅಲ್ಲ ಕಣೆ, ಇಲಿ ಡಬ್ಬಿ ಮುಚ್ಚಳ ತಿರುವಿ, ತಿನ್ನೋದು ತಿಂದು, ಮತ್ತೆ ಮುಚ್ಚಿಕ್ತೈತಾ?" ಎಂದ ಅವಳ ಗಂಡ ಲಕ್ಷ್ಮೀನರಸಪ್ಪ, ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸುತ್ತ.

"ಏನೋಪ್ಪ. ನಮ್ಮನೆ ಇಲಿ ಓದಿರೋ ಇಲಿ ಇರ್ಬೇಕು."

ಇಬ್ಬರೂ ನಕ್ಕರು. ಆ ನಗೆಯಲ್ಲಿ ಏನೂ ಇರಲಿಲ್ಲ, ಅದು ಆದಿಲಕ್ಷ್ಮಿಗೆ ಗೊತ್ತು. ಮೈದುನನೂ ವಾರಗಿತ್ತಿಯೂ ಚುಚ್ಚಿ ಮಾತಾಡುವ ಪೈಕಿ ಅಲ್ಲ. ಆದರೂ ಕಿವಿಯ ತುದಿ ಬಿಸಿಯಾಯಿತು. ಆ ಮನೆಯಲ್ಲಿ ಓದಿದವಳು ಅವಳೊಬ್ಬಳೇ. ಅನಂತಪುರದ ಯೂನಿವರ್ಸಿಟಿಯಲ್ಲಿ ಎರಡು ವರ್ಷ ಪ್ರಾಣಿಶಾಸ್ತ್ರ ಓದಿ, ಸಣ್ಣ ಪ್ರಾಣಿಗಳು ಬರಗಾಲಕ್ಕೆ ಆಹಾರ ಕೂಡಿಡುವ ಬಗೆಯ ಮೇಲೆ ಅರವತ್ತು ಪುಟ ಬರೆದವಳು ಈಗ ಬೆಲ್ಲ ಕದ್ದು ಸಿಕ್ಕಿಬೀಳುವುದರಲ್ಲಿದ್ದಳು.

"ರೇಷ್ಮೆಹುಳ ಪೊರೆ ಬಿಡೋಕೆ ನಾಕನೇ ಜ್ವರದಾಗೆ ಮಲಗವೆ," ಎಂದ ಲಕ್ಷ್ಮೀನರಸಪ್ಪ, ಈಗ ನಗೆ ಬಿಟ್ಟು. "ಇಲಿ ಹುಳದ ಮನೆಗೆ ನುಗ್ಗಿದ್ರೆ ಒಂದೂ ಉಳಿಸಲ್ಲ. ಇವತ್ತು ಸಾಮಾನೆಲ್ಲ ಅಂಗಳಕ್ಕೆ ಹಾಕಿ ಬಿಲ ಹುಡುಕಿ ಮುಚ್ತೀನಿ. ಅಣ್ಣನ ಪೆಟ್ಟಿಗೆ ಹಿಂದೇನೇ ಇರ್ಬೇಕು ಅಂತ ನಂಗೆ."

ಹಸು ಮುದ್ದೆಯ ಕೊನೆಯ ಚೂರನ್ನು ನಾಲಿಗೆಯಲ್ಲಿ ಸುತ್ತಿ ಒಳಗೆಳೆದುಕೊಂಡಿತು. "ಇದೊಂದು ಪುಣ್ಯವಂತೆ," ಎಂದಳು ನಾಗಮಣಿ ಅದರ ಹಣೆ ತುರಿಸುತ್ತ, "ಅತ್ತೆ ದಿನಾ ಒಂದು ಮುದ್ದೆ ಹೆಚ್ಚಿಗೆ ಕಟ್ತಾರೆ, ಬೆಳಿಗ್ಗೆ ಇವಳ ಪಾಲಿಗೆ. ಕೇಳಿದ್ರೆ ಮಾತಿಲ್ಲ. ಹೋದೋರ ಲೆಕ್ಕಾನೂ..." ಎಂದವಳು ನಾಲಿಗೆ ಕಚ್ಚಿಕೊಂಡು ಆದಿಲಕ್ಷ್ಮಿಯ ಬೆನ್ನಿನ ಕಡೆ ನೋಡಿದಳು. ಬೆನ್ನಿಗೂ ಅದು ತಿಳಿಯಿತು. ಎಂಟು ತಿಂಗಳಿಂದ ಎಲ್ಲರೂ ಹೀಗೇ ಮಾತನ್ನು ಅರ್ಧಕ್ಕೆ ಮುರಿದು ಅವಳ ಬೆನ್ನಿನ ಮೇಲಿಡುತ್ತಿದ್ದರು.

ಆ ಮುದ್ದೆ ತೀರಿಹೋದ ಅವಳ ಗಂಡ ಅಂಜಿಯದು. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಮಗ ಲಡಾಖಿನ ಯಾವುದೋ ಕಣಿವೆಯ ರಸ್ತೆಯಲ್ಲಿ ಮಿಲಿಟರಿ ಲಾರಿ ಸಮೇತ ಉರುಳಿದ ಮೇಲೂ ತಾಯಿಯ ಕೈ ಅವನ ಮುದ್ದೆ ಕಟ್ಟುವುದನ್ನು ಬಿಟ್ಟಿಲ್ಲ. ಮಧ್ಯಾಹ್ನ ಎಲ್ಲರಿಗೂ ಬಡಿಸಿದ ಮೇಲೆ ಬುಟ್ಟಿಯ ಕೆಳಗೆ ಅದೊಂದು ಉಳಿದಿರುತ್ತಿತ್ತು. ಆದಿಲಕ್ಷ್ಮಿ ತನ್ನ ಮುದ್ದೆ ಮುಗಿಸಿ, ಬೆರಳು ನೆಕ್ಕುವುದನ್ನೂ ನಾಚಿಕೆಯಿಂದ ತಡೆದು, ಆ ಬುಟ್ಟಿಯ ಕಡೆ ನೋಡದೆ ಏಳುತ್ತಿದ್ದಳು. ಸತ್ತ ಗಂಡನ ತುತ್ತಿಗೆ ಆಸೆಪಡುವ ಹೆಂಗಸೂ ಇರಬಹುದೇ ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಇರಬಹುದು, ಇದ್ದಾಳೆ ಎಂದು ಹೊಟ್ಟೆ ಹೇಳುತ್ತಿತ್ತು.

ಕಪ್ಪು ಬಣ್ಣದ ತಗಡಿನ ಪೆಟ್ಟಿಗೆ ಅವಳ ಕೋಣೆಯ ಮೂಲೆಯಲ್ಲಿತ್ತು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಒಂದು ನಂಬರು, ಅದರ ಕೆಳಗೆ ರಾಮಾಂಜಿನೇಯ ಎಂಬ ಹೆಸರು ಇಂಗ್ಲಿಷಿನಲ್ಲಿ. ಅಂಜಿಯ ದೇಹ ಬಂದ ಹದಿನೈದು ದಿನಕ್ಕೆ ಬಂದದ್ದು. ಅದಕ್ಕೆ ಬೀಗವಿಲ್ಲ, ಕೊಂಡಿಗೆ ಒಂದು ತಂತಿ ಸುತ್ತಿದೆ, ಅಷ್ಟೆ. ಸತ್ತವನ ಪೆಟ್ಟಿಗೆಯನ್ನು ಯಾರೂ ಮುಟ್ಟುವುದಿಲ್ಲ ಎಂಬುದೇ ಅದರ ಬೀಗ. ಅವಳು ಮೊದಲ ಸಲ ಅದರೊಳಗೆ ಅರ್ಧ ರೊಟ್ಟಿ ಇಟ್ಟಳು. ಆಮೇಲೆ ಬೆಲ್ಲ. ಆಮೇಲೆ ಒಣಕೊಬ್ಬರಿ, ಹುರಿಟ್ಟು, ಸೊಂಟಕ್ಕೆ ಸಿಕ್ಕಿಸಿ ತಂದ ಹಿಡಿಹಿಡಿ ಕಡಲೆಕಾಯಿ. ತಿನ್ನುತ್ತಿದ್ದದ್ದು ಕಡಿಮೆ. ಇಟ್ಟರೆ ಸಾಕಾಗಿತ್ತು. ಮುಚ್ಚಳವನ್ನು ಕೈ ತೂರುವಷ್ಟೇ ಎತ್ತಿ, ಹಸಿರು ಸಮವಸ್ತ್ರದ ಕೆಳಗೆ ತಡಕಿ, ನೋಡದೆ ಒಳಗೆ ನೂಕಿ ತಂತಿ ಸುತ್ತಿಬಿಟ್ಟರೆ ಎದೆಯಲ್ಲಿ ಏನೋ ಒಂದು ಗಳಿಗೆ ಸುಮ್ಮನಾಗುತ್ತಿತ್ತು. ಹಿಂಗಾರು ಹಿಡಿದ ವಾರ ಮುಚ್ಚಳ ಎತ್ತಿದಾಗ ಒಳಗಿನಿಂದ ಬೂಸಲು ವಾಸನೆ ಬಂತು. ಅವತ್ತಿನಿಂದ ಮೂರು ವಾರ ಅವಳು ಅದನ್ನು ತೆರೆದಿರಲಿಲ್ಲ. ಮೊನ್ನೆ ತೆಗೆದ ಎರಡಚ್ಚು ಬೆಲ್ಲ ಇನ್ನೂ ಅವಳ ದಿಂಬಿನ ಗವಸಿನಲ್ಲೇ ಇತ್ತು.

ಕೈ ತೊಳೆದು ಕೋಣೆಗೆ ಓಡಬೇಕು, ಸೆರಗಿಗೆ ಸುರಿದುಕೊಂಡು ತಿಪ್ಪೆಗೆ ಹಾಕಬೇಕು ಎಂದುಕೊಳ್ಳುವಷ್ಟರಲ್ಲಿ ಅತ್ತೆ ಓಬಳಮ್ಮ ಗುದ್ದಲಿ, ಮಂಕರಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಲಕ್ಷ್ಮೀ, ಬಾರವ್ವ. ಹೊಲದಾಗೆ ಇಲಿ ಬಿಲ ತೋಡಿ ಕಾಯಿ ತರಾನ. ನಾಳೆ ಟ್ಯಾಕ್ಟ್ರು ಬಿಟ್ರೆ ಒಂದೂ ಸಿಕ್ಕಲ್ಲ."

"ಇವತ್ತು ನಮ್ಮಣ್ಣ ಬರ್ತಾನ್ರಿ, ಅತ್ತೀ."

"ಬರ್ಲಿ. ರಾಯದುರ್ಗದಿಂದ ಬರೋನು ಇಷ್ಟೊತ್ಗೇ ಬಂದ್ಬಿಡ್ತಾನಾ? ಕಲ್ಯಾಣದುರ್ಗ ದಾಟಿ, ಮಡಕಶಿರಾಕ್ಕೆ ಬಂದು, ಆಟೋ ತುಂಬಿ, ಅದು ಹೊರಡಬೇಕಲ್ಲ."

ಇಲ್ಲ ಎನ್ನಲು ಕಾರಣ ಸಿಗಲಿಲ್ಲ. ಇದ್ದ ಒಂದೇ ಕಾರಣ ಪೆಟ್ಟಿಗೆಯೊಳಗಿತ್ತು.

ಕಡಲೆಕಾಯಿ ಗಿಡ ಕಿತ್ತ ಹೊಲ ಗುಡ್ಡದ ಬುಡದಲ್ಲಿ ಕೆಂಪಗೆ ಬಿದ್ದಿತ್ತು. ಮೇಲೆ ಒಂದರ ಮೇಲೊಂದು ಕೂತ ಬಂಡೆಗಳು. ಅವುಗಳ ಸಂದಿನಲ್ಲಿ ಒಣಗಿದ ಬಾದೆಹುಲ್ಲು ಅಲ್ಲಾಡುತ್ತಿತ್ತು. ಓಬಳಮ್ಮ ಮಾತಿಲ್ಲದೆ ಮುಂದೆ ನಡೆದಳು, ನೆಲ ನೋಡುತ್ತ. ಅವಳ ಹಿಂದೆ ನಡೆಯುತ್ತ ಆದಿಲಕ್ಷ್ಮಿ ಮನೆಯ ಕಡೆ ಎರಡು ಸಲ ತಿರುಗಿ ನೋಡಿದಳು. ಲಕ್ಷ್ಮೀನರಸಪ್ಪ ಈಗ ಒಳಗಿನ ಮಂಚ ಎತ್ತುತ್ತಿರಬಹುದು. ಈಗ ದಿಂಬು. ಅಣ್ಣ ಹನುಮೇಶ್ ಬರುವ ಹೊತ್ತಿಗೆ ಅಂಗಳದಲ್ಲಿ ಪೆಟ್ಟಿಗೆ ಬಾಯಿ ತೆರೆದಿರುತ್ತದೆ. ಅಣ್ಣ ಈ ಸಲ ಕರೆದುಕೊಂಡೇ ಹೋಗುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದ. ರಾಯದುರ್ಗದಲ್ಲಿ ಅವನದು ಜೀನ್ಸ್ ಹೊಲಿಯುವ ಕೆಲಸ. ಅವನ ಬೆರಳ ತುದಿಗಳು ಸದಾ ನೀಲಿ. ಆ ನೀಲಿ ಬೆರಳುಗಳು ಬೂಸಲು ಹಿಡಿದ ರೊಟ್ಟಿಯನ್ನು ಎತ್ತಿ ಹಿಡಿಯುವುದು ಅವಳ ಕಣ್ಣಿಗೆ ಕಟ್ಟಿತು.

"ಇಲ್ಲಿ," ಎಂದಳು ಓಬಳಮ್ಮ. ಬದುವಿನ ಪಕ್ಕ ಒಂದು ಹಿಡಿ ಮಣ್ಣು ಬೇರೆ ಬಣ್ಣದ್ದಿತ್ತು. ಆದಿಲಕ್ಷ್ಮಿ ನೂರು ಸಲ ನೋಡಿದರೂ ಅವಳಿಗೆ ಅದು ಕಾಣುತ್ತಿರಲಿಲ್ಲ. "ಒಳಗಿಂದ ಬಾಗ್ಲು ಹಾಕ್ಕೊಂಡೈತೆ. ಬಾಗ್ಲು ಹಾಕ್ಕೊಂಡಿರೋ ಮನೇಲೇ ಸಾಮಾನಿರೋದು."

ಓಬಳಮ್ಮ ಬಿಲದ ಬಾಯಿಂದ ತೋಡಲಿಲ್ಲ. ಬದುವಿಗೆ ಅಡ್ಡಲಾಗಿ ಎರಡು ಮೊಳ ಬಿಟ್ಟು, ಗುದ್ದಲಿಯನ್ನು ನೆಲಕ್ಕೆ ಮೆಲ್ಲಗೆ ಬಡಿದು ಸದ್ದು ಕೇಳಿದಳು. ಇನ್ನೊಂದು ಕಡೆ ಬಡಿದಳು. ಸದ್ದು ಬದಲಾದ ಕಡೆ ಮಣ್ಣು ತೆಗೆದಳು. ಮೊಳದಾಳದಲ್ಲಿ ದಾರಿ ಸಿಕ್ಕಿತು. ತೋಳು ಹೋಗುವಷ್ಟು ಅಗಲ, ಒಳಗೋಡೆ ಸಾರಿಸಿದ ಹಾಗೆ ನಯ. ದಾರಿ ಒಂದು ಕಡೆ ಇಳಿದು, ತಿರುಗಿ, ಮೇಲೇರಿತ್ತು. ಆ ಏರಿನ ಕೊನೆಗೆ ಮೊದಲ ಕಣಜ. ಓಬಳಮ್ಮ ಕೈಯಿಂದ ಮಣ್ಣು ಸರಿಸಿ ಪಕ್ಕಕ್ಕೆ ಸರಿದು, ಆದಿಲಕ್ಷ್ಮಿಗೆ ಕಾಣಲೆಂದು ಜಾಗ ಬಿಟ್ಟಳು.

ಆದಿಲಕ್ಷ್ಮಿ ಮಂಡಿಯೂರಿ ಬಗ್ಗಿದಳು. ಒಂದು ಗಳಿಗೆ ಪೆಟ್ಟಿಗೆ ಮರೆತುಹೋಯಿತು. ಕಡಲೆಕಾಯಿಗಳು ರಾಶಿಯಾಗಿರಲಿಲ್ಲ, ಜೋಡಿಸಿಟ್ಟಂತಿದ್ದವು. ಒಂದಕ್ಕೂ ತೊಟ್ಟಿಲ್ಲ, ಬೇರಿಲ್ಲ, ಅಂಟಿದ ಮಣ್ಣಿಲ್ಲ. ಒಂದೂ ಜೊಳ್ಳಲ್ಲ. ಎಲ್ಲವೂ ಎರಡು ಬೀಜದ, ಬಲಿತು ಸಿಪ್ಪೆಗೆ ಬಲೆ ಮೂಡಿದ ಕಾಯಿ. ಕಣಜದ ನೆಲ ದಾರಿಗಿಂತ ನಾಲ್ಕು ಬೆರಳು ಎತ್ತರದಲ್ಲಿತ್ತು; ಮಳೆನೀರು ಒಳಗೆ ನುಗ್ಗಿದರೂ ಕೆಳಗಿನ ತಗ್ಗಿನಲ್ಲೇ ನಿಲ್ಲಬೇಕು. ಅವಳು ಬರೆದ ಅರವತ್ತು ಪುಟಗಳಲ್ಲಿ ಇದಕ್ಕೊಂದು ಚಿತ್ರವಿತ್ತು, ಪುಸ್ತಕ ನೋಡಿ ಬಿಡಿಸಿದ್ದು, ಬಾಣದ ಗುರುತು ಹಾಕಿ. ಆ ಚಿತ್ರಕ್ಕೆ ತಂಪಿರಲಿಲ್ಲ. ಈಗ ಕೈಯಿಟ್ಟರೆ ಒಳಗೆ ಯಾರೋ ಈಗಷ್ಟೇ ಗುಡಿಸಿ ಹೋದ ಮನೆಯ ತಂಪು ಬೆರಳಿಗೆ ತಗುಲಿತು. ಒಂದು ರಾತ್ರಿಗೆ ಎಷ್ಟು ಸಲ ಓಡಿರಬೇಕು? ಒಂದೊಂದು ಸಲಕ್ಕೆ ಒಂದೇ ಕಾಯಿ ಬಾಯಲ್ಲಿ. ಮೇಲೆ ಗೂಬೆ, ಬದುವಿನಲ್ಲಿ ಹಾವು. ಅಷ್ಟು ಹೆದರಿಕೆಯ ಮಧ್ಯೆ ಒಳ್ಳೆಯ ಕಾಯಿ ಯಾವುದು ಎಂದು ನಿಂತು ಆರಿಸಿದೆಯಲ್ಲ!

"ಬಿತ್ತನೆಗೆ ಇದೇ ಬೀಜ," ಎಂದಳು ಓಬಳಮ್ಮ. "ಅಂಗಡೀರು ಏನೇ ಹೇಳ್ಲಿ, ನಮ್ಮತ್ತೆ ಕಾಲದಿಂದ್ಲೂ ನಾನು ಇದನ್ನೇ ಎತ್ತಿಕ್ಕೋದು. ಇಲಿ ಆರಿಸಿದ್ರಾಗೆ ಒಂದು ಕಾಯಿ ತಪ್ಪು ಹುಡುಕು ನೋಡಾನ."

ತನ್ನ ಅವ್ವನಿಗೆ ಇದೆಲ್ಲ ಓದದೆಯೇ ಗೊತ್ತು ಎಂದು ಅಂಜಿಯೂ ಹೇಳಿದ್ದ. ಅವನು ಕಳಿಸಿದ ವಿಡಿಯೋಗಳು ಫೋನಿನಲ್ಲಿ ಇನ್ನೂ ಇವೆ, ಒಟ್ಟು ಏಳು. ನೋಡುವುದಕ್ಕೆ ಅವಳು ಹೆದರುವುದಿಲ್ಲ, ಆದರೆ ನೋಡಿದರೂ ಏನೂ ಆಗುವುದಿಲ್ಲ, ಅದಕ್ಕೆ ಹೆದರುತ್ತಾಳೆ. ಬರೀ ಕಲ್ಲಿನ ಬೆಟ್ಟ, ಗಾಳಿಯ ಭರ್ರೋ ಸದ್ದು, ಕಲ್ಲಿನ ಸಂದಿನಿಂದ ಮುಷ್ಟಿಯಷ್ಟು ದೊಡ್ಡ ಬೂದು ಬಣ್ಣದ ಪ್ರಾಣಿ. ದುಂಡನೆಯ ಕಿವಿ. ಬಾಲವೇ ಇಲ್ಲ. ಬಾಯ ತುಂಬ ಹುಲ್ಲು, ಹುಲ್ಲಿನ ನಡುವೆ ಹಳದಿ ಹೂವಿನ ಒಂದು ಕಡ್ಡಿ, ಎರಡು ಕಡೆಗೂ ಚಾಚಿಕೊಂಡು, ಮದುವೆ ಮನೆಯಲ್ಲಿ ತನಗಿಂತ ದೊಡ್ಡ ಹಾರ ಹೊತ್ತು ಓಡುವ ಹುಡುಗಿಯ ಹಾಗೆ. "ನೋಡೇ, ನಿನ್ನ ಸಬ್ಜೆಕ್ಟು," ಎಂದು ಅಂಜಿಯ ದನಿ. "ಇಲಿ ಬಾಲ ಮನೇಲೇ ಮರೆತು ಬಂದೈತೆ." ಇಲಿಯಲ್ಲ, ಅದು ಮೊಲದ ಬಂಧು, ಪೈಕಾ ಅನ್ನುತ್ತಾರೆ ಎಂದು ಅವಳು ಉದ್ದಕ್ಕೆ ಬರೆದು ಕಳಿಸಿದ್ದಳು. ಚಳಿಗಾಲಕ್ಕೆ ಅದು ನಿದ್ದೆ ಹೋಗುವುದಿಲ್ಲ, ಹಿಮದ ಕೆಳಗೆ ಎಚ್ಚರವಾಗಿಯೇ ಇರುತ್ತದೆ. ಅದಕ್ಕೇ ಬೇಸಿಗೆಯೆಲ್ಲ ಹುಲ್ಲು ಕೊಯ್ಯುತ್ತದೆ. ಹಸಿಯದನ್ನು ಹಾಗೇ ತುಂಬುವುದಿಲ್ಲ. ಕಲ್ಲಿನ ಮೇಲೆ ಹರಡಿ ಬಿಸಿಲಿಗೆ ಒಣಗಿಸಿ, ಮೋಡ ಕಂಡರೆ ಒಳಗೆಳೆದು, ಬಿಸಿಲು ಬಂದರೆ ಮತ್ತೆ ಹರಡಿ, ಕೊನೆಗೆ ಬಣವೆ ಒಟ್ಟುತ್ತದೆ. ದೂರದ ದೇಶದ ಬೆಟ್ಟಗಳಲ್ಲಿ ಇದರದೇ ಬಳಗದ ಒಂದು ಜಾತಿ ಇನ್ನೂ ಜಾಣ. ಬಾಯಿಗಿಡಲಾಗದಷ್ಟು ಕಹಿಯಾದ ಒಂದು ಎಲೆಯನ್ನು ಹುಡುಕಿ ತಂದು ಬಣವೆಯಲ್ಲಿ ಸೇರಿಸುತ್ತದೆ. ಆ ಕಹಿಯಿಂದ ಮಿಕ್ಕ ಹುಲ್ಲು ಕೊಳೆಯುವುದಿಲ್ಲ. ತಿಂಗಳುಗಳು ಕಳೆದು ಕಹಿ ತಾನಾಗಿ ಇಳಿದ ಮೇಲೆ ಆ ಎಲೆಯನ್ನೂ ತಿನ್ನುತ್ತದೆ, ಎಲ್ಲಕ್ಕಿಂತ ಕೊನೆಗೆ. ಇಷ್ಟನ್ನೆಲ್ಲ ಓದಿ ಅಂಜಿ ಬರೆದ ಉತ್ತರ ಒಂದೇ ಸಾಲು: ನಮ್ಮವ್ವ ಅವರೆಕಾಳಿಗೆ ಬೇವಿನಸೊಪ್ಪು ಹಾಕ್ತಾಳಲ್ಲ, ಇದಕ್ಕೆ ಎಮ್ಮೆಸ್ಸಿ ಯಾಕೆ? ಅವಳಿಗೆ ಆಗ ಸಿಟ್ಟು ಬಂದಿತ್ತು.

ಎರಡನೆಯ ಕಣಜ, ಮೂರನೆಯದು. ಮಂಕರಿ ಮುಕ್ಕಾಲು ತುಂಬಿತು. ಆಚೆ ಬದಿಯ ಇನ್ನೊಂದು ಬಾಗಿಲ ಬಳಿ ಕಪ್ಪಗಾದ ಹತ್ತಿಪ್ಪತ್ತು ಕಾಯಿ ಹೊರಗೆ ಬಿದ್ದಿದ್ದವು. ಮಳೆಯ ವಾರ ಬೂಸಲು ಹಿಡಿದವು; ಇಲಿಯೇ ಆರಿಸಿ ಹೊರಗೆಸೆದಿತ್ತು. ಆದಿಲಕ್ಷ್ಮಿ ಅವನ್ನು ನೋಡಿ ಕಣ್ಣು ತಿರುಗಿಸಿದಳು. ಆಮೇಲೆ ಅವಳ ಗುದ್ದಲಿ ಅವಸರದಲ್ಲಿ ಬಿತ್ತು. ಬೇಗ ಮುಗಿದರೆ ಮನೆ. ಮನೆಗೆ ಮೊದಲು ಮುಟ್ಟಿದರೆ ಪೆಟ್ಟಿಗೆ. ನಾಲ್ಕನೆಯ ಕಣಜದ ಮಾಡು ಕುಸಿಯಿತು. ಅವಳು ಎರಡೂ ಕೈ ಹಾಕಿ ಬಾಚಿ ಬಾಚಿ ಮಂಕರಿಗೆ ಸುರಿದಳು, ಮಣ್ಣು ಸಮೇತ, ಬಾಯಲ್ಲಿ ನೀರೂರುತ್ತಿದ್ದದ್ದು ಯಾಕೆಂದು ತಿಳಿಯದೆ.

"ಏ, ಏ, ಸಾಕು! ಅದು ಅದ್ರ ಪಾಲು." ಓಬಳಮ್ಮ ಅವಳ ಮಣಿಕಟ್ಟು ಹಿಡಿದಳು. ಮಂಕರಿಯಿಂದ ಎರಡು ಬೊಗಸೆ ತೆಗೆದು ಕಣಜಕ್ಕೆ ಹಿಂದಕ್ಕೆ ಹಾಕಿ, ಮೇಲೆ ಚಪ್ಪಟೆ ಕಲ್ಲೊಂದನ್ನು ಮಾಡಾಗಿ ಇಟ್ಟು, ಮಣ್ಣೆಳೆದಳು. "ಹೊಟ್ಟೆಗೆ ಅಂತ ಇಕ್ಕಿದ್ದ ಪೂರಾ ತೆಗೀಬಾರ್ದು. ಅದ್ಕೂ ಮಕ್ಕಳು ಮರಿ ಇರ್ತವೆ."

ಆದಿಲಕ್ಷ್ಮಿ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಮಣ್ಣಾದ ಆ ಕೈಗಳನ್ನು ಅವಳು ಗುರುತು ಹಿಡಿದಳು. ಅಂಜಿಯನ್ನು ಕಾದ ಮೂರು ದಿನ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಪಕ್ಕದ ಮನೆಯವರು ತಂದುಕೊಟ್ಟ ಗಂಜಿಯನ್ನು ಯಾರೋ ಅವಳ ತುಟಿಗೆ ಹಿಡಿದರು, ಅವಳು ಬೇಡವೆಂದು ತಲೆಯಾಡಿಸಿದಳು, ಹಾಗೆ ಆಡಿಸಬೇಕೆಂದು ಗೊತ್ತಿತ್ತು. ಮೂರನೆಯ ದಿನ ಕೊಟ್ಟಿಗೆಯಲ್ಲಿ ಬಿತ್ತನೆಯ ಮೂಟೆಗೆ ಇವೇ ಕೈ ಹಾಕಿ ಹಸಿ ಕಡಲೆಕಾಯಿಯನ್ನು ಸಿಪ್ಪೆ ಸಮೇತ ಅಗಿದಿದ್ದಳು. ಹೊರಗೆ ಅಳುವ ಹೆಂಗಸರ ದನಿ; ಒಳಗೆ ಅವಳ ಹಲ್ಲಿನ ಸದ್ದು. ಹನ್ನೊಂದನೆಯ ದಿನ ಎಲ್ಲರ ಜೊತೆ ಎಲೆಯ ಮುಂದೆ ಕೂರಿಸಿದರು. ಅನ್ನ ಮುಗಿದಾಗ ಅವಳು ತಾನೇ ಕೈ ಚಾಚಿ ಇನ್ನೊಂದಿಷ್ಟು ಅಂದುಬಿಟ್ಟಳು. ಮೂಕಮ್ಮ ಎಂಬ ದೂರದ ನೆಂಟಳು, ಕರುಣೆಯಿಂದಲೇ, ಎಲ್ಲರಿಗೂ ಕೇಳುವ ಹಾಗೆ, "ಉಣ್ಲಿ ಬಿಡ್ರವ್ವ, ಹೊಟ್ಟೆಗೇನು ಗೊತ್ತು ಗಂಡ ಸತ್ತಿರೋದು" ಎಂದಿದ್ದಳು. ಅವತ್ತಿನಿಂದ ಓಬಳಮ್ಮ ಇನ್ನೊಂದು ಇಕ್ಕಲಾ ಎಂದಾಗಲೆಲ್ಲ ಇವಳ ಬಾಯಲ್ಲಿ ಒಂದೇ ಮಾತು: ಸಾಕ್ರಿ. ಒಂದು ತಿಂಗಳು ಕೇಳಿ ಓಬಳಮ್ಮನೂ ಕೇಳುವುದನ್ನು ಬಿಟ್ಟಳು.

"ಕೂಡಿಕ್ಕೋದು ಯಾರಿಗಾದ್ರೂ ಬತ್ತದೆ," ಎಂದಳು ಓಬಳಮ್ಮ ಮಂಕರಿ ತಲೆಗೇರಿಸಿಕೊಳ್ಳುತ್ತ, ಯಾರಿಗೆಂದು ಹೇಳದೆ. "ಒಣಗಿಸಿ ಇಕ್ಕೋದು ಕಲೀಬೇಕು. ನಡಿ, ಸಾರಿಗೆ ಒಗ್ಗರಣೆ ಆಗ್ಬೇಕು."

ಅಂಗಳದಲ್ಲಿ ಮನೆಯೆಲ್ಲ ಬಂದು ಕೂತಿತ್ತು. ಮಂಚ, ಒನಕೆ, ಡಬ್ಬಿಗಳು, ಚಾಪೆಯ ಸುರುಳಿ. ಆ ಎಲ್ಲದರ ನಡುವೆ ಕಪ್ಪು ಪೆಟ್ಟಿಗೆ, ಬಿಸಿಲಿಗೆ ಮುಚ್ಚಳ ಕಾಯುತ್ತ. ಹನುಮೇಶ್ ಜಗಲಿಯ ಮೇಲೆ ಕೂತು ಲೋಟ ಹಿಡಿದಿದ್ದ. ತಂಗಿಯನ್ನು ಕಂಡು ಎದ್ದು ನಿಂತ; ಅವಳ ಮಣ್ಣಾದ ಸೀರೆ, ಇಳಿದ ಕೆನ್ನೆ ನೋಡಿ ಏನೋ ಹೇಳಲು ಹೋಗಿ ಓಬಳಮ್ಮನ ಕಡೆ ತಿರುಗಿದ.

"ಹೆಂಗದೀರಿ ಅತ್ತಿ? ಅವ್ವ ಕೇಳ್ಯಾಳ್ರಿ ನಿಮ್ಮನ್ನ."

"ಇದೀವಪ್ಪ. ನಿಮ್ಮವ್ವ ಉಜ್ಜಿನಮ್ಮ ಸಂದಾಗವ್ಳಾ? ಕೂಕ, ಉಣ್ಣೀವಂತೆ."

"ಅತ್ತಿಗೆ," ಎಂದು ಲಕ್ಷ್ಮೀನರಸಪ್ಪ ಗೋಡೆಯ ಬುಡದಿಂದ ಕೂಗಿದ. ಅವನ ಕೈಯೆಲ್ಲ ಸಿಮೆಂಟು. "ಬಿಲ ಸಿಕ್ತು, ಒಲೆ ಪಕ್ಕ. ಡಬ್ಬಿ ಮೂಟೆ ಎಲ್ಲಾ ಜಾಡಿಸಿ ನೋಡ್ದೆ. ಪೆಟ್ಟಿಗೆ ಒಂದು ತೆಗ್ದಿಲ್ಲ. ಅಣ್ಣಂದು, ನೀವೇ ತೆಗೀಲಿ ಅಂತ."

"ಆತು ಬಿಡ್ರಿ, ಇಲಿ ಎಲ್ಲಿ ಹೊಗ್ತದ ತಗಡಿನಾಗ," ಎಂದಳು ಆದಿಲಕ್ಷ್ಮಿ. ದನಿ ಬೇರೆ ಯಾರದೋ ಆಗಿತ್ತು.

"ತೆಗಿ ಲಕ್ಷ್ಮೀ, ಹೆಂಗೂ ಅದನ್ನ ಊರಿಗೆ ಒಯ್ಯಬೇಕಲ್ಲ," ಎಂದ ಹನುಮೇಶ್. "ಏನೇನದಾವ ನೋಡಿ ಕಟ್ಟಿಬಿಡಾಣು. ಮೂರರ ಆಟೋಕ್ಕ ಹೋಗಾಣು."

ಅವನು ಬಗ್ಗಿ ನೀಲಿ ಬೆರಳುಗಳಿಂದ ತಂತಿ ಬಿಚ್ಚಿದ. ಆದಿಲಕ್ಷ್ಮಿ ಬೇಡ ಎಂದಳೋ ಎಂದುಕೊಂಡಳೋ. ಮುಚ್ಚಳ ಕಿರ್ರೆಂದು ಹಿಂದಕ್ಕೆ ಬಿತ್ತು. ಹಸಿರು ಅಂಗಿ, ಮಡಿಸಿದ ಹಾಗೇ. ಹನುಮೇಶ್ ಅದನ್ನು ಎರಡು ಕೈಯಲ್ಲಿ ಮಗುವಿನಂತೆ ಎತ್ತಿ ನಾಗಮಣಿಗೆ ಕೊಟ್ಟ. ಕೆಳಗಿನದನ್ನು ನೋಡಲು ಎಲ್ಲರೂ ಬಗ್ಗಿದರು.

ಬೂಸಲು ವಾಸನೆ ಬರಲಿಲ್ಲ. ಅದು ಬರುತ್ತದೆಂದು ಉಸಿರು ಹಿಡಿದಿದ್ದ ಆದಿಲಕ್ಷ್ಮಿಗೆ ಬಂದದ್ದು ಬಿಸಿಲಿನ ವಾಸನೆ, ಅದರ ಹಿಂದೆ ಒಣಗಿದ ಬೇವಿನೆಲೆಯ ಒಗರು. ರೊಟ್ಟಿಯ ಚೂರು ಒಂದೂ ಇರಲಿಲ್ಲ. ಪೆಟ್ಟಿಗೆಯ ತಳಕ್ಕೆ ಹಳೆಯ ಸೀರೆಯ ತುಂಡು ಹಾಸಿ, ಅದರ ಮೇಲೆ ಬೇವಿನ ಎಲೆ ಉದುರಿಸಿ, ಎಲೆಯ ಮೇಲೆ ನಾಲ್ಕು ಬಟ್ಟೆಗಂಟುಗಳನ್ನು ಒಂದಕ್ಕೊಂದು ತಾಗದ ಹಾಗೆ ಇಡಲಾಗಿತ್ತು. ಒಂದು ಗಂಟು ಸಡಿಲವಾಗಿ ಕಡಲೆಕಾಯಿ ಕಾಣುತ್ತಿತ್ತು. ಒಣಗಿಸಿ, ಉಪ್ಪು ಹಾಕಿ ಹುರಿದದ್ದು. ಬೆಲ್ಲವನ್ನು ಮುತ್ತುಗದ ಎಲೆಯಲ್ಲಿ ಸುತ್ತಿ ನಾರಿನಿಂದ ಕಟ್ಟಿತ್ತು. ಆ ಗಂಟು ಹಾಕುವ ಕೈ ಯಾವುದು ಎಂದು ಆ ಮನೆಯಲ್ಲಿ ಯಾರನ್ನೂ ಕೇಳಬೇಕಿರಲಿಲ್ಲ.

"ಅಕ್ಕಾ..." ಎಂದಳು ನಾಗಮಣಿ ಮೆಲ್ಲಗೆ. ಅವಳಿಗೆ ಬೆಲ್ಲದ ಅಚ್ಚಿನ ಗುರುತು ಸಿಕ್ಕಿತ್ತು. ಆಮೇಲೆ ಮುಖ ಕೆಂಪಗೆ ಮಾಡಿಕೊಂಡು ಅಂಗಿಯನ್ನು ಎದೆಗೊತ್ತಿ ಹಿಡಿದಳು. ಬೆಳಿಗ್ಗೆ ಆಡಿದ ಮಾತು ನೆನಪಾಗಿರಬೇಕು.

"ನಾನೇ ಇಕ್ಕಿದ್ದು," ಎಂದಳು ಓಬಳಮ್ಮ, ಮಂಕರಿ ಇಳಿಸುತ್ತ. "ಇಲಿ ಕಾಟಕ್ಕೆ. ತಗಡಿಗೆ ಬಾಯಿ ಹಾಕಲ್ಲ ಅಂತ."

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅದರಲ್ಲಿ ಆದಿಲಕ್ಷ್ಮಿ ನುಸುಳಿ ಆಚೆ ಹೋಗಿಬಿಡಬಹುದಿತ್ತು. ಆದರೆ ಹನುಮೇಶ್ ದಡ್ಡನಲ್ಲ. ತಂಗಿಯ ಮುಖ ಅವನು ಚಿಕ್ಕಂದಿನಿಂದ ಓದಿದವನು.

"ಅತ್ತಿ, ತಪ್ಪು ತಿಳೀಬ್ಯಾಡ್ರಿ," ಎಂದ. "ಶೇಂಗಾ ಇಡೋಕ ಸತ್ತಾವನ ಪೆಟ್ಟಿಗಿ ಯಾರ ತೆಗೀತಾರ್ರಿ? ಇದು ಇಕಿ ಮುಚ್ಚಿಟ್ಟದ್ದು. ಎಷ್ಟು ಸೊರಗ್ಯಾಳ ನೋಡ್ರಿ. ಈ ಮನ್ಯಾಗ ನಮ್ಮ ಹುಡುಗಿಗೆ ಹೊಟ್ಟಿಗೆ ಹಾಕಲ್ಲೇನ್ರಿ? ಕದ್ದು ತಿನ್ನಂಗ ಆತೇನ್ರಿ ನಮ್ಮ ಲಕ್ಷ್ಮಿ?"

ಲಕ್ಷ್ಮೀನರಸಪ್ಪನ ಕೈಯಿಂದ ಕರಣೆ ಕೆಳಗೆ ಬಿತ್ತು. ಆಚೆ ಮನೆಯ ಹೆಂಗಸು ಬೇಲಿಯ ಬಳಿ ಬಂದು ನಿಂತಳು. ಓಬಳಮ್ಮ ತಲೆಯ ಮೇಲಿನ ಸಿಂಬಿ ತೆಗೆದು, ಅದರ ಮಣ್ಣು ಕೊಡವಿ, ಮತ್ತೆ ಕೊಡವಿದಳು. ಐವತ್ತು ವರ್ಷ ಬಂದವರಿಗೆಲ್ಲ ಇಕ್ಕಿದ ಕೈ ಅದು. ಆ ಕೈಗೆ ಈಗ ಏನು ಮಾಡಬೇಕೋ ತೋಚದ್ದನ್ನು ಆದಿಲಕ್ಷ್ಮಿ ನೋಡಿದಳು. ಇಷ್ಟು ದಿನ ತಾನು ಬಚ್ಚಿಟ್ಟದ್ದು ತನ್ನ ಮಾನ ಎಂದುಕೊಂಡಿದ್ದಳು. ಬಚ್ಚಿಟ್ಟದ್ದು ಅತ್ತೆಯ ಮಾನವಾಗಿತ್ತು. ಅತ್ತೆಗೆ ಅದು ಗೊತ್ತಿತ್ತು. ಗೊತ್ತಿದ್ದೂ, ಮಳೆ ಬಿಟ್ಟ ಯಾವುದೋ ಬೆಳಿಗ್ಗೆ, ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಮಗನ ಪೆಟ್ಟಿಗೆಯ ತಂತಿ ಬಿಚ್ಚಿ, ಸೊಸೆಯ ಕಳವನ್ನು ಬಿಸಿಲಿಗೆ ಹರಡಿ, ತಿರುವಿ ಹಾಕಿ, ಕೆಟ್ಟದ್ದನ್ನು ಎಸೆದು, ಒಳ್ಳೆಯದಕ್ಕೆ ಉಪ್ಪು ಹಾಕಿ, ಕಹಿಯೆಲೆ ಹಾಸಿ, ಮತ್ತೆ ಅಲ್ಲೇ ಇಟ್ಟಿದ್ದಳು. ಮೋಡ ಬಂದಾಗ ಒಳಗೆಳೆದಿರಬೇಕು. ಬಿಸಿಲು ಬಂದಾಗ ಮತ್ತೆ ಹರಡಿರಬೇಕು. ಆ ಬೂದು ಪ್ರಾಣಿ ಬಾಯಲ್ಲಿ ಹೂವಿನ ಕಡ್ಡಿ ಕಚ್ಚಿ ಕಲ್ಲಿನಿಂದ ಕಲ್ಲಿಗೆ ಓಡಿತು.

"ಅಣ್ಣಾ," ಎಂದಳು. "ಹಂಗಲ್ಲ."

"ಮತ್ತ ಹೆಂಗ?"

ಹೇಗೆ ಎಂದು ಹೇಳುವುದು ಹೇಗೆ? ಅವಳು ಬಚ್ಚಲಿಗೆ ಹೋಗಿ ಕೈಕಾಲು ತೊಳೆದಳು. ಒಳಗೆ ಹೋಗಿ ತಟ್ಟೆಗಳನ್ನು ತಂದು ಅಂಗಳದ ಬೇವಿನ ನೆರಳಿನಲ್ಲಿ, ಚೆಲ್ಲಾಪಿಲ್ಲಿ ಬಿದ್ದ ಸಾಮಾನಿನ ನಡುವೆ, ಸಾಲಾಗಿ ಇಟ್ಟಳು. "ಮೊದಲು ಉಣ್ಣೋಣ್ರಿ," ಎಂದಳು. ಯಾರಿಗೂ ಬೇಡವೆನ್ನುವ ಧೈರ್ಯ ಬರಲಿಲ್ಲ. ಓಬಳಮ್ಮ ಒಲೆಯ ಮುಂದೆ ಮುದ್ದೆ ತೊಳಸಿದಳು. ಕೋಲು ತಪ್ಪಲೆಗೆ ಬಡಿಯುವ ಸದ್ದು ಮಾತ್ರ ಕೇಳುತ್ತಿತ್ತು. ನಾಗಮಣಿ ಹುರುಳಿ ಸಾರು ತಂದಳು. ಹನುಮೇಶ್ ಕೂತ, ಆದರೆ ತಟ್ಟೆಗೆ ಕೈ ಹಾಕದೆ ತಂಗಿಯನ್ನೇ ನೋಡುತ್ತಿದ್ದ.

ಆದಿಲಕ್ಷ್ಮಿ ಉಂಡಳು. ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಿ. ಸಾರಿನ ಕಾರ ಮೂಗಿಗೆ ಏರಿತು. ಮುದ್ದೆ ಮುಗಿಯಿತು. ಬೆರಳುಗಳನ್ನು ಒಂದೊಂದಾಗಿ, ಎಲ್ಲರೂ ನೋಡುತ್ತಿದ್ದಂತೆಯೇ, ನೆಕ್ಕಿದಳು. ಸಾಕ್ರಿ ಎಂಬ ಮಾತು ಎಂದಿನಂತೆ ನಾಲಿಗೆಯ ತುದಿಗೆ ಬಂದು ಕೂತಿತು. ಬೇಲಿಯಾಚೆ ಆ ಹೆಂಗಸು ಇನ್ನೂ ನಿಂತಿದ್ದಳು.

"ಅತ್ತೀ," ಎಂದಳು. "ಇನ್ನೊಂದು ಹಾಕ್ರಿ. ಹೊಟ್ಟಿ ಹಸಿದೈತಿ."

ಓಬಳಮ್ಮ ಥಟ್ಟನೆ ತಲೆ ಎತ್ತಿದಳು. ಮಂಡಿ ಹಿಡಿದು ಎದ್ದು, ಬುಟ್ಟಿ ಎತ್ತಿ, ಅದರ ಕೆಳಗಿದ್ದ ಒಂದೇ ಮುದ್ದೆಯನ್ನು ಎರಡು ಕೈಯಲ್ಲಿ ತಂದಳು. ಹಬೆಯಾಡುತ್ತಿತ್ತು. ಆದಿಲಕ್ಷ್ಮಿಯ ತಟ್ಟೆಯ ಮೇಲೆ ಆ ಕೈಗಳು ಬಂದಾಗ ಅವಳು ಅಡ್ಡ ಕೈ ಹಿಡಿದಳು.

"ಇದು ಬ್ಯಾಡ್ರಿ. ಇದು ಅವರ ಪಾಲಲ್ಲೇನ್ರಿ?"

"ಯಾರ ಪಾಲು?"

ನಾಗಮಣಿ ಗಂಡನ ಮುಖ ನೋಡಿದಳು. ಓಬಳಮ್ಮ ಒಬ್ಬೊಬ್ಬರನ್ನೇ ನೋಡಿ, ನಿಧಾನವಾಗಿ ಅರ್ಥಮಾಡಿಕೊಂಡಳು. ಅವಳ ಬಾಯಿ ಒಂದು ಕಡೆಗೆ ಸೊಟ್ಟಗಾಯಿತು, ಅಳುವಿಗೋ ನಗುವಿಗೋ.

"ಥೂ ನಿಮ್ಮ. ಸತ್ತೋನು ಮುದ್ದೆ ಉಂಡಾನಾ? ನಾನೇನು ಅರಳುಮರಳಾಗಿದ್ದೀನಾ?" ಎಂದಳು. "ಇದು ನಿಂಗೆ ಕಣೇ, ಲಕ್ಷ್ಮೀ. ಎಂಟು ತಿಂಗ್ಳಿಂದ ನಿಂಗೇ ಕಟ್ಟಿಕ್ಕಿದ್ದು. ಇವತ್ತು ಕೇಳ್ತಾಳೆ, ನಾಳೆ ಕೇಳ್ತಾಳೆ ಅಂತ. ನೀನು ಕೇಳ್ಲಿಲ್ಲ, ಈ ಹಸು ಉಂಡು ದಪ್ಪಗಾಯ್ತು."

ಹನುಮೇಶ್ ತಲೆ ತಗ್ಗಿಸಿ, ತಟ್ಟೆಗೆ ಕೈ ಹಾಕಿದ. ಮೂರರ ಆಟೋ ಊರಬಾಗಿಲಲ್ಲಿ ಹಾರ್ನು ಹೊಡೆದು, ಸ್ವಲ್ಪ ಕಾದು, ಹೋಯಿತು. ಯಾರೂ ಏಳಲಿಲ್ಲ. ಆದಿಲಕ್ಷ್ಮಿ ಅಡ್ಡ ಹಿಡಿದ ಕೈ ತೆಗೆದಳು. ಮುದ್ದೆ ತಟ್ಟೆಗೆ ಮೆತ್ತಗೆ ಕೂತಿತು. ಅವಳು ಅದನ್ನು ಮುರಿದಳು. ಒಳಗಿನ ಬಿಸಿ ಬೆರಳು ಸುಟ್ಟಿತು. ಎಂಟು ತಿಂಗಳಲ್ಲಿ ಮೊದಲ ಸಲ ಏನೋ ಅವಳನ್ನು ಸುಟ್ಟಿತ್ತು. ಅವಳು ಬೆರಳು ತೆಗೆಯಲಿಲ್ಲ. ಕಣ್ಣಿನಿಂದ ನೀರು ಇಳಿದು ಸಾರಿಗೆ ಬಿದ್ದದ್ದನ್ನು ಒರೆಸಲೂ ಇಲ್ಲ. ಕೊಟ್ಟಿಗೆಯ ಹಸು ಕುತ್ತಿಗೆ ಚಾಚಿ, ತನ್ನ ನಾಳೆಯ ಮುದ್ದೆ ತುತ್ತುತುತ್ತಾಗಿ ಖಾಲಿಯಾಗುವುದನ್ನು ನೋಡುತ್ತಿತ್ತು.